ತಂತಿಯ ರೋಧವನ್ನು ಮತ್ತೆ ಎಣಿಸಿದ ಎಂಜಿನಿಯರ್

ಪೀಣ್ಯದ ಕಾರ್ಖಾನೆಯಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಪ್ರಯೋಗಶಾಲೆಯಲ್ಲಾಗಲಿ, ವಿದ್ಯುತ್ತಿನ ಕೆಲಸಗಾರರೆಲ್ಲ ನೆಚ್ಚಿಕೊಂಡಿರುವ ನಿಯಮವೊಂದಿದೆ: ತಂತಿಯ ಉದ್ದ ಇಮ್ಮಡಿಯಾದರೆ ಅದರ ರೋಧವೂ ಇಮ್ಮಡಿ. ಹೈಸ್ಕೂಲಿನಲ್ಲಿ ನಾವೆಲ್ಲ ಕಲಿತದ್ದೂ ಇದನ್ನೇ. ಈ ನಿಯಮ ಎಲ್ಲಿ ಮುರಿದೀತು, ಏಕೆ ಮುರಿದೀತು ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನಲ್ಲಿ ದುಡಿದ ನರೇಂದ್ರ ಕುಮಾರ್ ಒಬ್ಬರು. ವಿಶೇಷವೆಂದರೆ, ಅವರ ಮೊದಲ ವಿದ್ಯೆಯೇ ವಿದ್ಯುತ್ ಎಂಜಿನಿಯರಿಂಗ್.

ಕುಮಾರರು 1940ರಲ್ಲಿ ಬಿಲಾಸಪುರದಲ್ಲಿ ಜನಿಸಿದರು. 1962ರಲ್ಲಿ ಖರಗಪುರದ ಐ.ಐ.ಟಿ.ಯಿಂದ ಎಂಜಿನಿಯರಿಂಗ್ ಪದವಿ; ಬಳಿಕ ಭೌತಶಾಸ್ತ್ರದತ್ತ ಹೊರಳಿ 1971ರಲ್ಲಿ ಮುಂಬಯಿಯ ಐ.ಐ.ಟಿ.ಯಿಂದ ಡಾಕ್ಟರೇಟ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಎಲೆಕ್ಟ್ರಾನು ಅಲೆಯಂತೆ ವರ್ತಿಸುತ್ತದೆಯಷ್ಟೆ. ದೋಷವಿಲ್ಲದ ಹರಳಿನಲ್ಲಿ ಅದು ಸರಾಗವಾಗಿ ಸಾಗುತ್ತದೆ. ಆದರೆ ದೋಷವಿಲ್ಲದ ಲೋಹವೆಲ್ಲಿ? ಅಲ್ಲಲ್ಲಿ ಸೇರಿಕೊಂಡ ಪರಕೀಯ ಪರಮಾಣುಗಳಿಗೆ ತಾಗಿ ಅಲೆಯ ಒಂದಂಶ ಹಿಂದಿರುಗುತ್ತದೆ. ಹೀಗೆ ಹಿಂದಿರುಗಿದ ಅಲೆಗಳು ಒಂದರೊಡನೊಂದು ಬೆರೆತು ಎಲೆಕ್ಟ್ರಾನನ್ನು ಇದ್ದಲ್ಲಿಯೇ ಸೆರೆಹಿಡಿಯಬಲ್ಲವೆಂದು 1958ರಲ್ಲಿ ಅಮೆರಿಕದ ಫಿಲಿಪ್ ಆಂಡರ್ಸನ್ ತೋರಿಸಿದ್ದರು. ಅತಿ ಸೂಕ್ಷ್ಮವಾದ, ಅತಿ ಶೀತದಲ್ಲಿರಿಸಿದ ತಂತಿಯ ರೋಧವು ಉದ್ದದೊಡನೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ನಮ್ಮ ಮನೆಯ ತಂತಿಗೆ ಈ ಭಯವಿಲ್ಲ. ಶಾಖದ ಕುಲುಕಾಟವು ಅಲೆಗಳ ಹೊಂದಾಣಿಕೆಯನ್ನು ಕೆಡಿಸಿ ಹಳೆಯ ನಿಯಮವನ್ನೇ ಉಳಿಸುತ್ತದೆ.

ಕುಮಾರರು 1985ರ ತಮ್ಮ ಪ್ರಬಂಧದಲ್ಲಿ ಇಡೀ ತಂತಿಯನ್ನು ಒಮ್ಮೆಗೇ ಎಣಿಸಹೋಗಲಿಲ್ಲ. ತಂತಿಯ ತುದಿಗೆ ಅತ್ಯಲ್ಪ ಚೂರೊಂದನ್ನು ಜೋಡಿಸಿದರೆ ಹಿಂದಿರುಗುವ ಅಲೆ ಎಷ್ಟು ಬದಲಾದೀತೆಂದು ಮಾತ್ರ ಕೇಳಿದರು. ಈ ಉಪಾಯದ ತವರು ಖಗೋಳವಿಜ್ಞಾನ. ವಾತಾವರಣಗಳಲ್ಲಿ ಬೆಳಕು ಚದರುವ ಬಗೆಯನ್ನು ಎಣಿಸಲು ಅಂಬಾರ್ತ್ಸುಮಿಯನ್, ಚಂದ್ರಶೇಖರ್ ಮೊದಲಾದವರು ಇಂಥದನ್ನೇ ಬಳಸಿದ್ದರು. ಚೂರಿಗೆ ಚೂರು ಸೇರಿಸುತ್ತ ಹೋದಾಗ ಕುಮಾರರಿಗೆ ಕಂಡದ್ದು ವಿಚಿತ್ರ. ಒಂದೇ ಲೋಹ, ಒಂದೇ ಉದ್ದ, ಒಂದೇ ಪ್ರಮಾಣದ ಕಲ್ಮಷವಿದ್ದರೂ ಎರಡು ತಂತಿಗಳ ರೋಧ ಒಂದೇ ಆಗಬೇಕಾಗಿಲ್ಲ. ಕಲ್ಮಷದ ಕಣಗಳು ಎಲ್ಲೆಲ್ಲಿ ಕುಳಿತಿವೆ ಎಂಬುದರ ಮೇಲೆ ರೋಧ ಏರಿಳಿಯುತ್ತದೆ. ಉದ್ದ ಹೆಚ್ಚಿದಂತೆ ಈ ಏರಿಳಿತ ಸರಾಸರಿಯನ್ನೇ ಮೀರುತ್ತದೆ. ಬಣ್ಣದ ಪಟ್ಟಿ ನೋಡಿ ಅಂಗಡಿಯಲ್ಲಿ ರೋಧಕ ಕೊಳ್ಳುವ ನಮಗೆ ಇದು ಸಣ್ಣ ಪೆಟ್ಟಲ್ಲ!

ಅದೇ ವರ್ಷ ಅವರಿಗೆ ಭಟ್ನಾಗರ್ ಪ್ರಶಸ್ತಿ ಸಂದಿತು. 1994ರಿಂದ 2005ರವರೆಗೆ ಅವರು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು. 2017ರಲ್ಲಿ ತೀರಿಕೊಂಡರು. ಚೂರು ಜೋಡಿಸುವ ಆ ಉಪಾಯವನ್ನು ಮಾತ್ರ ಅವರು ಕೈಬಿಟ್ಟಿರಲಿಲ್ಲ. 1994ರಲ್ಲಿ ಪ್ರಭಾಕರ ಪ್ರಧಾನರೊಡನೆ ಅದನ್ನು ಬೆಳಕಿಗೇ ಅನ್ವಯಿಸಿದರು: ಬೆಳಕನ್ನು ಚದರಿಸುವುದರೊಡನೆ ವರ್ಧಿಸಲೂ ಬಲ್ಲ ವಸ್ತುವಿನೊಳಕ್ಕೆ ಹೊಕ್ಕ ಕಿರಣವು, ತಾನು ಹೋದದ್ದಕ್ಕಿಂತ ಪ್ರಖರವಾಗಿ ಹಿಂದಿರುಗಬಲ್ಲುದು.