ಧರ್ಮಾಂಬುಧಿಯನ್ನು ಹುಡುಕುವ ಬಗೆ

ಬೆಂಗಳೂರಿನ ಗಾಂಧಿನಗರಕ್ಕೆ ಅಂಟಿಕೊಂಡಿರುವ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹಳೆಯ ಪೇಟೆಗೆ ನೀರು ಕೊಟ್ಟ ಆ ಕೆರೆ ಹೇಗೆ ಮರೆಯಾಯಿತೆಂದು ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರೊಬ್ಬರು ಲೇಖನ ಬರೆಯಲು ಹೊರಟಿದ್ದಾರೆ ಎನ್ನಿ. ಗೂಗಲ್‌ನಲ್ಲಿ ಹೆಸರು ಹಾಕಿದರೆ ಒಬ್ಬರದನ್ನೊಬ್ಬರು ನಕಲು ಮಾಡಿದ ಬರಹಗಳೇ ಮುಂದೆ ಬರುತ್ತವೆ. ಒಂದು ದಿನದ ಕಾರ್ಯಾಗಾರದಲ್ಲಿ ಹತ್ತಾರು ಡೇಟಾಬೇಸ್‌ಗಳ ಹೆಸರು ಕೇಳಿ ಪ್ರಮಾಣಪತ್ರ ಪಡೆದವರಿಗೂ ಮುಂದೇನು ಎಂದು ತೋಚುವುದಿಲ್ಲ. ಇಂಥ ತರಬೇತಿ ಎಡವುವುದೇ ಇಲ್ಲಿ: ಅದು ಡೇಟಾಬೇಸಿನಿಂದ ಶುರುವಾಗುತ್ತದೆ, ಅಧ್ಯಾಪಕರ ಪ್ರಶ್ನೆಯಿಂದಲ್ಲ.

ಪ್ರಶ್ನೆಯಿಂದ ಶುರುಮಾಡುವ ವಿದ್ಯೆ ಈ ಊರಿಗೆ ಹೊಸದಲ್ಲ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಮೊದಲ ವರ್ಷಗಳಲ್ಲಿ ಅದು ಮಲ್ಲೇಶ್ವರದಲ್ಲಿತ್ತು. ಯಾವುದೇ ವಿಷಯವನ್ನು ಐದು ಮುಖಗಳಾಗಿ ಬಿಡಿಸಬಹುದೆಂಬುದು ಅವರ ವರ್ಗೀಕರಣದ ತಿರುಳು. ಮುಖ್ಯ ವಸ್ತು ಯಾವುದು, ಅದರ ದ್ರವ್ಯ ಯಾವುದು, ಅಲ್ಲಿ ನಡೆಯುವ ಕ್ರಿಯೆ ಏನು, ದೇಶ ಯಾವುದು, ಕಾಲ ಯಾವುದು? ಪುಸ್ತಕವನ್ನು ಕಪಾಟಿನಲ್ಲಿ ಜೋಡಿಸಲು ಹುಟ್ಟಿದ ಈ ಕ್ರಮ ಹುಡುಕಾಟಕ್ಕೂ ಅಷ್ಟೇ ಒದಗುತ್ತದೆ.

ನಮ್ಮ ಅಧ್ಯಾಪಕರು ಒಂದು ಹಾಳೆ ತೆಗೆದುಕೊಳ್ಳಲಿ. ವಸ್ತು ಕೆರೆ, ದ್ರವ್ಯ ನೀರು, ಕ್ರಿಯೆ ಬತ್ತುವುದು ಮತ್ತು ನೆಲದ ಬಳಕೆ ಬದಲಾಗುವುದು, ದೇಶ ಬೆಂಗಳೂರು ಪೇಟೆ. ಕಾಲದ ಮುಂದೆ 1896 ಎಂದು ಬರೆಯಬಹುದು, ಹೆಸರಘಟ್ಟದ ಕೊಳವೆ ನೀರು ಊರಿಗೆ ಬಂದ ಹೊತ್ತು ಅದು. ಪ್ರತಿ ಮುಖದ ಕೆಳಗೆ ಬೇರೆ ಬೇರೆ ರೂಪಗಳನ್ನು ಪಟ್ಟಿ ಮಾಡಬೇಕು. ಇಂಗ್ಲಿಷ್ ಅಕ್ಷರದಲ್ಲಿ ಧರ್ಮಾಂಬುಧಿಯನ್ನು ‘ಧ’ ಹಾಕಿಯೂ ಬರೆಯುತ್ತಾರೆ, ‘ದ’ ಹಾಕಿಯೂ ಬರೆಯುತ್ತಾರೆ. ಕೆರೆ ಅಲ್ಲಿ ‘ಟ್ಯಾಂಕ್’, ಬೆಂಗಳೂರು ‘ಬ್ಯಾಂಗಲೋರ್’. ಹತ್ತೊಂಬತ್ತನೆಯ ಶತಮಾನದ ಕಡತಗಳಲ್ಲಿ ಕನ್ನಡವೇ ‘ಕೆನರೀಸ್’. ಈ ರೂಪಗಳು ಗೊತ್ತಿಲ್ಲದವರಿಗೆ ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದ್ದರೂ ಕೈಗೆ ಸಿಗದೆ ಹೋಗಬಹುದು.

ಕನ್ನಡದಲ್ಲಿ ಹುಡುಕುವಾಗ ಇನ್ನೂ ಎರಡು ತೊಡಕುಗಳಿವೆ. ತರಬೇತಿಗಳಲ್ಲಿ ಇವುಗಳ ಪ್ರಸ್ತಾಪವೇ ಅಪರೂಪವೆಂಬುದು ನನಗೆ ನಿಜವಾಗಿ ಬೇಸರದ ಸಂಗತಿ. ನಮ್ಮ ಪದಗಳಿಗೆ ಪ್ರತ್ಯಯ ಹತ್ತುತ್ತದೆ. ‘ಕೆರೆ’ ಎಂದು ಕೊಟ್ಟರೆ ‘ಕೆರೆಯ’, ‘ಕೆರೆಗಳನ್ನು’ ಎಂಬ ರೂಪಗಳನ್ನು ಎಷ್ಟೋ ಗ್ರಂಥಾಲಯ ಸೂಚಿಗಳು ಹಿಡಿಯುವುದಿಲ್ಲ. ಹಾಗಾಗಿ ಬೇರೆ ಬೇರೆ ರೂಪ ಕೊಟ್ಟು ನೋಡಬೇಕು, ಸೂಚಿ ಒಪ್ಪಿದರೆ ಮೂಲ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಬೇಕು. ಎರಡನೆಯದು ಇನ್ನೂ ಗಂಭೀರ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಬಂಧ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರ್‌ಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಪಿಎಚ್.ಡಿ. ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಲ್ಲಿ ಅಂಥ ಪ್ರಬಂಧವಿದ್ದರೆ ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ವಿಭಾಗ ಹಿಡಿದು ಹೋಗಬೇಕೇ ವಿನಾ ಒಳಗಿನ ಪದಗಳಿಂದ ಅದು ಸಿಗದು. ಇನ್ನು ಮುಂದೆ ಬರೆಯುವವರಾದರೂ ಯೂನಿಕೋಡ್‌ನಲ್ಲಿ ಬರೆಯಲಿ. ಹಳೆಯ ಕನ್ನಡ ಪುಸ್ತಕಗಳಿಗೆ ‘ಪುಸ್ತಕ ಸಂಚಯ’ ಎಂಬ ಜಾಲತಾಣ ನೆರವಾಗುತ್ತದೆ.

ಸಂಶೋಧನಾ ಪತ್ರಿಕೆಗಳ ವಿಚಾರಕ್ಕೆ ಬಂದರೆ, ಚಂದಾ ಸಿಗುವ ದಾರಿ ಕಾಲೇಜು ಯಾರದೆಂಬುದರ ಮೇಲೆ ನಿಂತಿದೆ. 2025ರ ಜನವರಿ 1ರಿಂದ ನಡೆಯುತ್ತಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ಅನುದಾನಿತ ಕಾಲೇಜಿನವರು ಕಾಲೇಜುಗಳಿಗೆಂದೇ ಇರುವ ಎನ್-ಲಿಸ್ಟ್ ಚಂದಾ ಬಗ್ಗೆ ಗ್ರಂಥಪಾಲಕರನ್ನು ಕೇಳಬೇಕು. ಎರಡನ್ನೂ ನಡೆಸುವುದು ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ.

ಸಿಕ್ಕಿದ್ದನ್ನು ತೂಗುವ ಕೆಲಸ ಈಗ ಹೆಚ್ಚು ಅಧ್ಯಾಪಕರ ಮೇಲೆಯೇ ಬಿದ್ದಿದೆ. ಒಪ್ಪಿತ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು ನಿಲ್ಲಿಸಿರುವುದಾಗಿ ಆಯೋಗ 2025ರ ಫೆಬ್ರವರಿಯಲ್ಲಿ ತಿಳಿಸಿತು. ಬಡ್ತಿಯ ಅವಸರದಲ್ಲಿರುವವರನ್ನು ಹಣ ಪಡೆದು ಅಚ್ಚು ಹಾಕುವವರು ಬೇಗ ಗುರುತಿಸುತ್ತಾರೆ. ಹಾಗಾಗಿ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಅದರ ಅಂತಾರಾಷ್ಟ್ರೀಯ ಜಾಲತಾಣದಲ್ಲೇ ಪರೀಕ್ಷಿಸಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗಾದರೂ ಪತ್ರ ಬರೆದು ಕೇಳಿ. ಹಿಂದಿನ ಎರಡು ಸಂಚಿಕೆಗಳನ್ನು ಕೂತು ಓದಿ. ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಯಲ್ಲಿ ತಜ್ಞರ ಪರಿಶೀಲನೆ ನಡೆಯುತ್ತದೆಂದು ನಂಬುವುದು ಕಷ್ಟ.

ಅಧ್ಯಾಪಕರಷ್ಟೇ ಅಲ್ಲ, ಕಾಲೇಜು ಕಚೇರಿಯ ಸಿಬ್ಬಂದಿಯನ್ನೂ ಈ ಕಲಿಕೆಯಿಂದ ಹೊರಗಿಡುವುದು ಅನ್ಯಾಯ. ವಾಟ್ಸ್ಆ್ಯಪ್‌ನಲ್ಲಿ ಬಂದ ಸುತ್ತೋಲೆ ಅಸಲಿಯೇ, ಅದನ್ನು ಹಿಂಪಡೆದ ಮತ್ತೊಂದು ಆದೇಶ ಬಂದಿದೆಯೇ ಎಂದು ದಿನವೂ ತೀರ್ಮಾನಿಸುವವರು ಪ್ರಥಮ ದರ್ಜೆ ಸಹಾಯಕರು ಮತ್ತು ಅಧೀಕ್ಷಕರು. ಆದೇಶದ ಸಂಖ್ಯೆ ಮತ್ತು ದಿನಾಂಕ ಹಿಡಿದು ಇಲಾಖೆಯ ಜಾಲತಾಣದಲ್ಲಿ ಮೂಲ ಪ್ರತಿ ತೆಗೆಯುವುದು, ‘ಓದಲಾಗಿದೆ’ ಎಂಬ ಭಾಗದಲ್ಲಿರುವ ಹಿಂದಿನ ಆದೇಶಗಳನ್ನು ಬೆನ್ನು ಹತ್ತುವುದು ಅವರಿಗೆ ಬೇಕಾದ ಮೊದಲ ಪಾಠ.

ಇಂಥ ಕಲಿಕೆಗೆ ಸಭಾಂಗಣ ಬೇಡ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಗ್ರಂಥಾಲಯದ ಮೇಜಿನ ಸುತ್ತ ಆರೇಳು ಜನ, ಪ್ರತಿಯೊಬ್ಬರ ಕೈಯಲ್ಲೂ ಅವರವರದೇ ಪ್ರಶ್ನೆ, ಪಕ್ಕದಲ್ಲಿ ಗ್ರಂಥಪಾಲಕರು. ಯಾವ ದಿನ ಎಲ್ಲಿ ಯಾವ ಪದ ಕೊಟ್ಟೆವು, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಧರ್ಮಾಂಬುಧಿಯ ಅಧ್ಯಾಪಕರು ಆ ನೋಟ್‌ಬುಕ್ ಹಿಡಿದು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದರೆ, ಯಾವ ವರ್ಷದ ಯಾವ ಇಲಾಖೆಯ ಕಡತ ಬೇಕೆಂದು ಅಲ್ಲಿಯವರಿಗೆ ಹೇಳಬಲ್ಲರು.