ಉಪವಾಸದ ಮೀನಿಗೆ ಗರಿಯ ಗಾಳ

ಕಡಲು ಬಿಟ್ಟು ಹೊಳೆ ಹೊಕ್ಕ ಸಾಲ್ಮನ್ ಮೀನು ಆಮೇಲೆ ಆಹಾರ ಹುಡುಕುವುದಿಲ್ಲ. ಕಡಲಲ್ಲಿ ತಿಂದು ಕೂಡಿಸಿಕೊಂಡ ಕೊಬ್ಬೇ ಅದರ ಬುತ್ತಿ. ಆ ಬುತ್ತಿಯ ಬಲದಲ್ಲೇ ಸೆಳವಿಗೆ ಎದುರಾಗಿ ಈಜಿ, ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಹೋಗಿ, ಚಳಿಗಾಲದ ಹೊಸ್ತಿಲಲ್ಲಿ ಜಲ್ಲಿಕಲ್ಲು ಕೆದರಿ ಮೊಟ್ಟೆ ಇಡುತ್ತದೆ. ಫೆಬ್ರುವರಿಯಲ್ಲೇ ಹೊಳೆ ಹತ್ತಿದ ಮೀನಿಗೆ ಇದು ಎಂಟೊಂಬತ್ತು ತಿಂಗಳ ಉಪವಾಸ. ಹಸಿವೇ ಇಲ್ಲದ ಮೀನು ಗಾಳಕ್ಕೆ ಬಾಯಿ ಹಾಕುವುದು ಯಾಕೆ? ಸಿಟ್ಟಿಗೋ, ಹಳೆಯ ರೂಢಿಗೋ? ಸ್ಕಾಟ್ಲೆಂಡಿನ ಡೀ ನದಿಯ ದಂಡೆಯಲ್ಲಿ ಈ ಪ್ರಶ್ನೆಯ ಸುತ್ತ ಒಂದು ವಿದ್ಯೆಯೇ ಬೆಳೆದಿದೆ.

ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ ಹುಟ್ಟುವ ಡೀ, ಬಾಲ್ಮೋರಲ್ ಅರಮನೆಯ ಪಕ್ಕದಲ್ಲೇ ಹಾದು, ಸುಮಾರು 140 ಕಿ.ಮೀ. ಹರಿದು ಅಬರ್ಡೀನ್ ಬಳಿ ಕಡಲು ಸೇರುತ್ತದೆ. ಇಲ್ಲಿ ಗಾಳದ ಕಾಲ ಫೆಬ್ರುವರಿ 1ರಿಂದ ಅಕ್ಟೋಬರ್ 15. ಮೊದಲ ದಿನ ಹೊಳೆಗೆ ವಿಸ್ಕಿ ಸುರಿದು ಶುಭ ಕೋರುತ್ತಾರೆ. ಭಾನುವಾರ ಮಾತ್ರ ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ. ಅದು ಸ್ಕಾಟ್ಲೆಂಡಿನ ಕಾನೂನು.

ಗಾಳದ ತುದಿಯಲ್ಲಿರುವುದನ್ನು ‘ಫ್ಲೈ’ ಎನ್ನುತ್ತಾರೆ. ನೊಣ ಎಂದು ಅರ್ಥವಾದರೂ ಸಾಲ್ಮನ್ ಫ್ಲೈ ಯಾವ ನೊಣದಂತೆಯೂ ಕಾಣುವುದಿಲ್ಲ. ಕೊಕ್ಕೆಗೆ ರೇಷ್ಮೆ ಸುತ್ತಿ, ಮೇಲೆ ಜರಿ ಎಳೆದು, ಗರಿ ಅಥವಾ ಕೂದಲಿನ ರೆಕ್ಕೆ ಕಟ್ಟಿರುತ್ತಾರೆ. ಹಳೆಯ ಫ್ಲೈಗಳ ಕೆನ್ನೆಯ ಮೇಲೆ ಒಂದು ಪುಟ್ಟ ಗರಿ ಇರುತ್ತದೆ. ಅದರಲ್ಲಿ ಅರಗಿನ ಹನಿ ಬಿದ್ದು ಗಟ್ಟಿಯಾದಂತೆ ಹೊಳೆಯುವ ಬಿಳಿ-ಹಳದಿ ಚುಕ್ಕಿ. ಅದು ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕುತ್ತಿಗೆಯ ಗರಿ! ಅದನ್ನೇ ಮೀನಿನ ಕಣ್ಣಿನಂತೆ ಕಟ್ಟುತ್ತಿದ್ದರು. ಒಂದು ಕಾಲಕ್ಕೆ ಈ ಗರಿಗಳು ಭಾರತದಿಂದ ಹಡಗೇರಿ ಹೋಗುತ್ತಿದ್ದವು. ಈಗ ಆ ಹಕ್ಕಿಗೆ ನಮ್ಮ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಒಂದು ಮೀನಿನ ಮೋಹಕ್ಕೆ ದೂರದ ಕಾಡಿನ ಹಕ್ಕಿ ಕುತ್ತಿಗೆ ಕೊಟ್ಟಿತಲ್ಲ ಎಂಬ ಸಂಕಟ ನನ್ನಲ್ಲಿ ಇನ್ನೂ ಉಳಿದಿದೆ.

ಡೀ ನದಿಯ ಹೆಸರು ಗಾಳದ ಲೋಕದಲ್ಲಿ ನಿಲ್ಲುವಂತೆ ಮಾಡಿದವರು ಎ.ಎಚ್.ಇ. ವುಡ್. ಕೇರ್ನ್‌ಟನ್ ಎಂಬಲ್ಲಿ 1913ರಿಂದ 1934ರವರೆಗೆ ಅವರು ಹಿಡಿದ ಸಾಲ್ಮನ್ ಮೂರು ಸಾವಿರಕ್ಕೂ ಹೆಚ್ಚು. ಅವರ ಉಪಾಯ ಸರಳ. ರೇಷ್ಮೆಯ ನೂಲಿಗೆ ಜಿಡ್ಡು ಸವರಿದರೆ ಅದು ತೇಲುತ್ತದೆ, ಸಣ್ಣ ಫ್ಲೈ ನೀರಿನ ಮೇಲ್ಪದರದಲ್ಲೇ ಸಾಗುತ್ತದೆ. ನಡುಹೊಳೆಯ ಸೆಳವು ನೂಲನ್ನು ಬಿಲ್ಲಿನಂತೆ ಬಾಗಿಸಿ ಫ್ಲೈಯನ್ನು ಎಳೆದೊಯ್ಯುವ ಮೊದಲೇ ಕೋಲನ್ನು ಮೆಲ್ಲಗೆ ಎತ್ತಿ, ಆ ಬಾಗನ್ನು ಮೇಲ್ಹರಿವಿನ ಕಡೆಗೆ ಮಗುಚಬೇಕು. ಬೇಕಾದ್ದು ತೋಳಿನ ಬಲವಲ್ಲ, ನೀರನ್ನು ಓದುವ ಕಣ್ಣು.

ವುಡ್ ಕಂಡ ಆ ಸಮೃದ್ಧಿ ಈಗಿಲ್ಲ. ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ 2023ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಕಡಲಿಗೆ ಹೋದ ಮರಿಗಳಲ್ಲಿ ಮರಳಿ ಬರುವವು ತೀರಾ ಕಡಿಮೆ. ಡೀ ನದಿಯ ಗಾಳಗಾರರು 1990ರ ದಶಕದಲ್ಲೇ ಹಿಡಿದ ಮೀನನ್ನು ಬಿಡತೊಡಗಿದ್ದರು. ಇಂದು ಮುಳ್ಳಿಲ್ಲದ ಕೊಕ್ಕೆ, ಗಂಟಿಲ್ಲದ ಬಲೆ. ಮೀನನ್ನು ನೀರಿನಿಂದ ಎತ್ತುವುದೇ ಇಲ್ಲ. ಒದ್ದೆ ಕೈಯಲ್ಲಿ ಬಾಲದ ಬುಡ ಹಿಡಿದು, ಹೊಟ್ಟೆಗೆ ಅಂಗೈ ಕೊಟ್ಟು, ತಲೆಯನ್ನು ಸೆಳವಿನತ್ತ ತಿರುಗಿಸಿ ಕಾಯುತ್ತಾರೆ. ಕಿವಿರು ಆಡತೊಡಗುತ್ತದೆ, ಬಾಲ ಗಟ್ಟಿಯಾಗುತ್ತದೆ, ಒಂದೇ ಕೊಡವಿಗೆ ಮೀನು ಮಾಯ.

ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ನದಿ ಕಾಯುವ ಮಂಡಳಿಗೆ ಹಣ ಬರುವುದು ಮೀನುಗಾರಿಕೆಯ ಹಕ್ಕುದಾರರು ಕಟ್ಟುವ ಶುಲ್ಕದಿಂದ. ಆ ಹಕ್ಕಿಗೆ ಬೆಲೆ ಬಂದಿರುವುದು ಗಾಳಗಾರರಿಂದ. ಅವರು ದಂಡೆ ಬಿಟ್ಟರೆ ನದಿಯ ಕಷ್ಟ ಮೊದಲು ಕಾಣುವ ಕಣ್ಣುಗಳೂ ಇಲ್ಲವಾಗುತ್ತವೆ.

ಈಗಿನ ದೊಡ್ಡ ಚಿಂತೆ ಬಿಸಿಲು. ನೀರು 23 ಡಿಗ್ರಿ ದಾಟಿದರೆ ಮರಿಗಳಿಗೆ ಸಂಕಟ. ಶತಮಾನಗಳಿಂದ ಕಾಡು ಕಡಿದು, ಉಳಿದ ಚಿಗುರನ್ನು ಜಿಂಕೆ, ಕುರಿ ಮೇಯ್ದು, ಮೇಲ್ಭಾಗದ ತೊರೆಗಳು ಬಟಾಬಯಲಾಗಿವೆ. ಅಲ್ಲಿ 2035ರೊಳಗೆ ಹತ್ತು ಲಕ್ಷ ಗಿಡ ನೆಡುವ ಕೆಲಸವನ್ನು ಡೀ ನದಿ ಟ್ರಸ್ಟ್ ಹಮ್ಮಿಕೊಂಡಿದೆ. ಗಿಡಗಳ ಸುತ್ತ ಜಿಂಕೆ ದಾಟದಷ್ಟು ಎತ್ತರದ ಬೇಲಿ. ಅವು ಬೆಳೆದು ನೆರಳು ಕೊಡುವ ತನಕ, ಗಾಳಿಗೆ ಉರುಳಿದ ಮರಗಳನ್ನು ಬೇರಿನ ಸಮೇತ ತಂದು ತೊರೆಯಲ್ಲಿ ಮಲಗಿಸುತ್ತಾರೆ. ಬೇರಿನ ಜಡೆಯ ಕೆಳಗೆ ನೀರು ಕೊರೆದು ಗುಂಡಿಯಾಗುತ್ತದೆ, ಬೆರಳುದ್ದದ ಮರಿಗಳು ಆ ತಂಪಿನಲ್ಲಿ ಸೆಳವಿಗೆ ಮುಖ ಮಾಡಿ ನಿಲ್ಲುತ್ತವೆ.