ಸಣ್ಣಾಟವೋ... ದೊಡ್ಡಾಟವೋ?

"ಸರ, ಒಂದು ಮಾತು ಕೇಳ್ಲೇನ್ರಿ? ಸಣ್ಣ ವಿಡಿಯೋ ಹಾಕಿದ್ರ ಮಂದಿ ನೋಡ್ತಾರ, ರೊಕ್ಕ ಬರಂಗಿಲ್ಲ. ದೊಡ್ಡ ವಿಡಿಯೋ ಹಾಕಿದ್ರ ರೊಕ್ಕ ಬರತೈತಂತ, ಆದ್ರ ಮಂದೀನ ನೋಡಂಗಿಲ್ಲ. ನಾ ಏನ್ ಮಾಡ್ಲಿ?"

ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಬಸ್ ಸ್ಟ್ಯಾಂಡು. ಮಿರ್ಚಿ ಬಂಡಿಯ ಹೊಗೆ. ಇಳಕಲ್ಲಿನ ಬಸ್ಸು ಎಂದಿನಂತೆ ತಡ. ಆ ಹೊಗೆಯೊಳಗಿನಿಂದ ಹೊರಬಂದು ನಮ್ಮನ್ನು ಹೀಗೆ ಕೇಳಿದವನು ಇಪ್ಪತ್ತೆರಡರ ಒಬ್ಬ ಹುಡುಗ. ತೆಳ್ಳಗಿನ ಮೈ, ಕಣ್ಣಿನ ತುಂಬ ಸಿನಿಮಾ, ಕೈಯಲ್ಲಿ ಗಾಜು ಸೀಳಿದ ಮೊಬೈಲು. ಹೆಸರು ಕೇಳಿದೆವು. "ಹೆಸರು ಬರೀಬ್ಯಾಡ್ರಿ, ಅಪ್ಪ ಪತ್ರಿಕಿ ಓದ್ತಾನ!" ಎಂದು ನಕ್ಕ. ಹಾಗಾಗಿ ಓದುಗರೇ, ಈ ಕಥೆಯ ನಾಯಕನಿಗೆ ಹೆಸರಿಲ್ಲ.

ನಾಯಕನ ಹಿನ್ನೆಲೆ ಇಷ್ಟು. ಹೀರೋಗಳ ಡೈಲಾಗನ್ನು ಅವರವರ ದನಿಯಲ್ಲೇ ಹೊಡೆದು ಯೂಟ್ಯೂಬಿನಲ್ಲಿ ಅರ್ಧ ನಿಮಿಷದ ಶಾರ್ಟ್ಸ್ ಹಾಕುತ್ತಾನೆ. ಅದರಲ್ಲೊಂದು ಲಕ್ಷ ದಾಟಿದೆ. ಚಂದಾದಾರರು ಸಾವಿರದ ಗೆರೆ ದಾಟಿದ್ದಾರೆ. ಜೇಬಿಗೆ ಮಾತ್ರ ಒಂದು ರೂಪಾಯಿ ಬಿದ್ದಿಲ್ಲ! ಅಣ್ಣ ಮಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ಅಪ್ಪನ ಅಪ್ಪಣೆಯೂ ಆಗಿಬಿಟ್ಟಿದೆ: "ಯುಗಾದಿ ತನಕ ನೋಡು. ಆಮ್ಯಾಲ ಅಣ್ಣನ ಕೂಡ ನಡಿ." ಉಳಿದಿರುವುದು ನಾಲ್ಕೇ ತಿಂಗಳು. ಆ ನಾಲ್ಕು ತಿಂಗಳನ್ನು ಸಣ್ಣದರ ಮೇಲೆ ಸುರಿಯಬೇಕೋ, ದೊಡ್ಡದರ ಮೇಲೋ? ಇದು ಇವನೊಬ್ಬನ ಪ್ರಶ್ನೆಯಲ್ಲ. ಕೊಪ್ಪಳ, ಗಂಗಾವತಿ, ಯಲಬುರ್ಗಾ, ಎಲ್ಲಿ ಹೋದರೂ ಚಹಾದಂಗಡಿಯಲ್ಲಿ ನಮ್ಮ ಹುಡುಗರದು ಇದೇ ಜಗಳ.

ಮೊದಲು ಹುಟ್ಟಿದ್ದೇ ಶಾರ್ಟ್ಸ್!

"ಸಣ್ಣ ವಿಡಿಯೋ ಅಂದರೆ ಅದೂ ಒಂದು ಕಲೆಯೇ?" ಎಂದು ಮೂಗು ಮುರಿಯುವ ದೊಡ್ಡವರಿಗೆ ಒಂದು ಮಾತು. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಕೊಟ್ಟು ತೋರಿಸಿದ್ದು ಹತ್ತು ಚಿತ್ರ. ಒಂದೊಂದೂ ನಿಮಿಷದೊಳಗೇ ಮುಗಿದಿತ್ತು! ಮರುವರ್ಷ ಜುಲೈ 7ಕ್ಕೆ ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದವು. ಅಂದರೆ ಸಿನಿಮಾ ಎಂಬ ಮಹಾರಾಯ ಭೂಮಿಗೆ ಬಿದ್ದದ್ದೇ ಶಾರ್ಟ್ಸ್ ಆಗಿ. ಯೂಟ್ಯೂಬಿನ ಕಥೆಯೂ ಅದೇ. 2005ರ ಏಪ್ರಿಲ್ 23ರಂದು ಅಲ್ಲಿ ಏರಿದ ಮೊಟ್ಟಮೊದಲ ವಿಡಿಯೋ, ಆನೆಗಳ ಮುಂದೆ ನಿಂತು ಮಾತಾಡುವ ಒಬ್ಬ ಯುವಕನದು, ಇಪ್ಪತ್ತು ಸೆಕೆಂಡನ್ನೂ ಮುಟ್ಟುವುದಿಲ್ಲ. ಇನ್ನು 'ರೀಲ್ಸ್' ಅನ್ನುತ್ತೀರಲ್ಲ, ನಮ್ಮ ಪ್ರೊಜೆಕ್ಟರ್ ಆಪರೇಟರುಗಳ ಲೆಕ್ಕದಲ್ಲಿ ಒಂದು ರೀಲು ಅಂದರೆ ಸಾವಿರ ಅಡಿ, ಓಡಿದರೆ ಹನ್ನೊಂದು ನಿಮಿಷ. ಈಗಿನ ರೀಲು ಆ ರೀಲಿನ ಚೂರು ಅಷ್ಟೇ.

ಸಣ್ಣದೆಂದು ತಾತ್ಸಾರ ಬೇಡ, ಸರಿ. ಆದರೆ ಲಕ್ಷ ಮಂದಿ ನೋಡಿದರೂ ರೊಕ್ಕ ಯಾಕೆ ಬರಲಿಲ್ಲ?

ಇದಕ್ಕೆ ಉತ್ತರ ಬೇಕಿದ್ದರೆ ಊರಿನ ಹಳೇ ತಲೆಗಳನ್ನು ಕೇಳಿ. ಟೆಂಟ್ ಸಿನಿಮಾದ ಕಾಲದಲ್ಲಿ ಬಂಡಿಗೆ ಎರಡೂ ಕಡೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ "ಇಂದೇ ನೋಡಿರಿ, ಮರೆತು ನಿರಾಶರಾಗದಿರಿ" ಎಂದು ಕೂಗುತ್ತ ಓಣಿ ಓಣಿ ಸುತ್ತುತ್ತಿದ್ದರು. ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಗಾಳಿಗೆ ತೂರಿದರೆ ಊರ ಹುಡುಗರೆಲ್ಲ ಹಿಂದೆ ಓಡೋಡಿ ಹಿಡಿಯುತ್ತಿದ್ದರು. ಹಿಡಿದವರೆಲ್ಲ ಸಂಜೆ ಟಿಕೆಟ್ ತೆಗೆದುಕೊಂಡರೇ? ಇಲ್ಲವಲ್ಲ! ಶಾರ್ಟ್ಸ್ ಎಂಬುದು ಆ ಹ್ಯಾಂಡ್‌ಬಿಲ್ಲು. ನಮ್ಮ ನಾಯಕ ಹ್ಯಾಂಡ್‌ಬಿಲ್ಲನ್ನೇನೋ ಚೆನ್ನಾಗಿ ಹಂಚಿದ. ಟೆಂಟನ್ನೇ ಹಾಕಿರಲಿಲ್ಲ.

ಲೆಕ್ಕ ಪಕ್ಕಾ ಇರಲಿ

ಗೆಳೆಯರೇ, ಈಗ ಸ್ವಲ್ಪ ಗಣಿತ. ಪುಟ ತಿರುವಬೇಡಿ!

ಯೂಟ್ಯೂಬಿನ ಜಾಹೀರಾತು ಹಣದಲ್ಲಿ ಪಾಲು ಸಿಗಬೇಕಾದರೆ 1000 ಚಂದಾದಾರರು ಬೇಕೇ ಬೇಕು. ಅದರ ಜೊತೆಗೆ ಎರಡು ದಾರಿ. ಒಂದು, ಹಿಂದಿನ 12 ತಿಂಗಳಲ್ಲಿ ದೊಡ್ಡ ವಿಡಿಯೋಗಳನ್ನು ಜನ ಒಟ್ಟು 4000 ಗಂಟೆ ನೋಡಿರಬೇಕು. ಇಲ್ಲವೇ, ಹಿಂದಿನ 90 ದಿನದಲ್ಲಿ ಶಾರ್ಟ್ಸ್ 1 ಕೋಟಿ ಬಾರಿ ನೋಡಲ್ಪಟ್ಟಿರಬೇಕು. ಶಾರ್ಟ್ಸ್ ಸಾಲಿನಲ್ಲಿ ಬೆರಳಾಡಿಸುತ್ತ ನೋಡಿದ ಸಮಯ ಆ 4000 ಗಂಟೆಗೆ ಜಮಾ ಆಗುವುದೇ ಇಲ್ಲ! ಲಕ್ಷ ದಾಟಿದ ಡೈಲಾಗಿನಿಂದ ನಮ್ಮ ನಾಯಕನ ಖಾತೆಗೆ ಬಿದ್ದ ಗಂಟೆ, ಸೊನ್ನೆ.

90 ದಿನದಲ್ಲಿ ಕೋಟಿ ಅಂದರೆ ದಿನಕ್ಕೆ ಒಂದು ಲಕ್ಷ ಹನ್ನೊಂದು ಸಾವಿರ. ದಿನಾ! ಒಂದು ಲಕ್ಷ ದಾಟಿದ ದಿನ ಊರಿಗೆಲ್ಲ ಚಹಾ ಕುಡಿಸಿದ್ದನಂತೆ ನಮ್ಮವನು. ಅಂಥ ಚಹಾ ತೊಂಬತ್ತು ದಿನ ಬಿಡದೆ ಕುಡಿಸಬೇಕು.

ಇನ್ನೊಂದು ಕಡೆ ನೋಡಿ. 4000 ಗಂಟೆ ಎಂದರೆ 2,40,000 ನಿಮಿಷ. ಹನ್ನೆರಡು ನಿಮಿಷದ ವಿಡಿಯೋವನ್ನು ಒಬ್ಬೊಬ್ಬ ಅರ್ಧದಷ್ಟು, ಆರು ನಿಮಿಷ, ನೋಡಿದ ಎಂದಿಟ್ಟುಕೊಳ್ಳಿ. ವರ್ಷಕ್ಕೆ 40,000 ನೋಟ ಸಾಕು. ವಾರಕ್ಕೊಂದರಂತೆ 52 ವಿಡಿಯೋ ಹಾಕಿದರೆ ಒಂದೊಂದಕ್ಕೆ 770 ಮಂದಿ. ಕೋಟಿ ಎಲ್ಲಿ, 770 ಎಲ್ಲಿ!

ಪಾಲಿನಲ್ಲೂ ಭೇದವಿದೆ. ದೊಡ್ಡ ವಿಡಿಯೋದ ಜಾಹೀರಾತು ಹಣದಲ್ಲಿ ಮಾಡಿದವನಿಗೆ ನೂರಕ್ಕೆ 55. 2023ರ ಫೆಬ್ರವರಿಯಿಂದ ಶಾರ್ಟ್ಸಿಗೂ ಪಾಲು ಬಂತು. ಆದರೆ ಅಲ್ಲಿ ಎಲ್ಲರ ಹಣವನ್ನೂ ಒಂದೇ ಗುಡ್ಡೆ ಹಾಕಿ, ಹಾಡು ಬಳಸಿದ್ದರೆ ಅದರ ಬಾಬ್ತು ತೆಗೆದು, ಉಳಿದದ್ದನ್ನು ನೋಟದ ಲೆಕ್ಕದಲ್ಲಿ ಹಂಚಿ, ಆಮೇಲೆ ನೂರಕ್ಕೆ 45. ಇನ್ನೊಂದು ಗುಟ್ಟು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಬೆರಳಿನ ಕೆಳಗೆ ಓಡಲು ಶುರುವಾದರೂ ಸಾಕು, ಒಂದು ನೋಟ ಎಂದು ಬರೆದುಕೊಳ್ಳುತ್ತಾರೆ. ಹಣಕ್ಕೂ ಅರ್ಹತೆಗೂ ಹಿಡಿಯುವುದು ಬೇರೆ ಅಂಕಿ, ನಿಂತು ನೋಡಿದವರದು. ಆದ್ದರಿಂದ ಮೊಬೈಲಿನಲ್ಲಿ ಮಿನುಗುವ ದೊಡ್ಡ ಅಂಕಿ ಕಂಡು ಎದೆ ಉಬ್ಬಿಸುವ ಮೊದಲು ಸ್ಟುಡಿಯೋ ತೆರೆದು ಆ ಚಿಕ್ಕ ಅಂಕಿ ನೋಡಿಕೊಳ್ಳಿ.

ಚಂದಾದಾರರು 500 ಆಗಿ, ಗಂಟೆ 3000 ಇದ್ದರೂ ಒಂದು ಚಿಕ್ಕ ಬಾಗಿಲು ತೆರೆಯುತ್ತದೆ. ಅಭಿಮಾನಿಗಳೇ ನೇರವಾಗಿ ಕೊಡುವ ಕಾಣಿಕೆ ಅದು, ಜಾಹೀರಾತಿನದಲ್ಲ.

ಹಾಗಾದರೆ ಸಣ್ಣದನ್ನು ಬಿಟ್ಟೇ ಬಿಡಬೇಕೆ?

ಛೇ, ಯಾರು ಹೇಳಿದರು! 2023ರಲ್ಲಿ 'ನಂದಿನಿ' ಹಾಡಿನ ತಮಾಷೆ ಕನ್ನಡ ನಾಡನ್ನೆಲ್ಲ ಕುಣಿಸಲಿಲ್ಲವೇ? ವಿಕ್ಕಿಪೀಡಿಯ ಎಂಬ ಹೆಸರಿನ ಆ ಹುಡುಗ ನಿಮಿಷದೊಳಗಿನ ತುಣುಕಿನಿಂದ ಮನೆಮಾತಾದ. ಆದರೆ ಅದಕ್ಕೂ ಮೊದಲೇ ಅವನು ಅದೇ ಧಾಟಿಯ ಹಾಸ್ಯವನ್ನು ಒಂದರ ಮೇಲೊಂದು ಮಾಡುತ್ತಲೇ ಇದ್ದ. 'ನಂದಿನಿ' ನೋಡಿ ಬಾಗಿಲಿಗೆ ಬಂದವರಿಗೆ ಒಳಗೆ ಕೂರಲು ಜಾಗವಿತ್ತು. ಇತ್ತ ಡಾಕ್ಟರ್ ಬ್ರೋ ಎಂದೇ ಹೆಸರಾದ ಗಗನ್ ಶ್ರೀನಿವಾಸ್ ಹಿಡಿದದ್ದು ದೊಡ್ಡಾಟದ ದಾರಿ. "ನಮಸ್ಕಾರ ದೇವ್ರು" ಎಂದು ಶುರು ಮಾಡಿ ದೇಶ ದೇಶ ಸುತ್ತಿಸುತ್ತಾನೆ. ಅಚ್ಚಗನ್ನಡದಲ್ಲಿ, ಕಾಲುಗಂಟೆ, ಇನ್ನೂ ಹೆಚ್ಚು. ನೋಡುವವರು ಅಲುಗುವುದಿಲ್ಲ. ಮುಂದಿನ ದೇಶ ಯಾವುದು ಎಂದು ಕಾಯುತ್ತಾರೆ.

ಉದ್ದ ಗಿಡ್ಡ ಬೇರೆ ಬೇರೆ, ಆದರೆ ಇಬ್ಬರಿಗೂ ಮತ್ತೆ ಬರುವ ಜನ ಇದ್ದಾರೆ. ಶಂಕರ್‌ನಾಗ್ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದಾಗ ಒಂದೊಂದು ಕಂತು ಅರ್ಧ ಗಂಟೆಯೊಳಗಿನದೇ. ಆಗುಂಬೆಯ ಆ ಬೀದಿ, ಆ ಸ್ವಾಮಿ, ಆ ಅಪ್ಪ ಮತ್ತೆ ಸಿಗುತ್ತಾರೆಂದೇ ಜನ ಟೀವಿ ಮುಂದೆ ಕೂತರು. ನಮ್ಮ ನಾಯಕನ ಚಾನೆಲ್ಲಿನಲ್ಲಿ ಹಾಗೆ ಮತ್ತೆ ಸಿಗುವವರು ಯಾರು? ಇಂದು ಒಬ್ಬ ಹೀರೋ, ನಾಳೆ ಇನ್ನೊಬ್ಬ. ಡೈಲಾಗು ಹೀರೋನದು, ಚಪ್ಪಾಳೆಯೂ ಹೀರೋನದೇ. ಈ ಮಾತು ಹೇಳಿದಾಗ ಹುಡುಗನ ಮುಖ ಸಣ್ಣಗಾಯಿತು. ಹೇಳದೆ ವಿಧಿಯಿರಲಿಲ್ಲ.

ಸಣ್ಣದರ ಮೇಲೊಂದರ ಮೇಲೇ ಮನೆ ಕಟ್ಟಿದವರ ಪಾಡು 2020ರ ಜೂನ್ 29ರ ರಾತ್ರಿ ಏನಾಯಿತು, ನೆನಪಿದೆಯಲ್ಲ? ಸರ್ಕಾರ 59 ಆ್ಯಪುಗಳನ್ನು ನಿಷೇಧಿಸಿತು. ಟಿಕ್‌ಟಾಕೂ ಹೋಯಿತು, ನಮ್ಮ ಹಳ್ಳಿ ಸ್ಟಾರುಗಳ ಅಭಿಮಾನಿಗಳೂ ಅದರ ಜೊತೆಗೇ ಹೋದರು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು ನಿಜ. ಎಲ್ಲರೂ ಮತ್ತೆ ಒಂದರಿಂದ ಎಣಿಸಬೇಕಾಯಿತು.

ನಮ್ಮ ಸಲಹೆ ಕೇಳುವುದಾದರೆ, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ. ಪುಟ್ಟಣ್ಣ ಕಣಗಾಲರು 1976ರಲ್ಲಿ 'ಕಥಾ ಸಂಗಮ' ಮಾಡಿದರು. ಮೂರು ಸಣ್ಣ ಕಥೆ, ಒಂದು ಪಿಕ್ಚರು. ರಜನಿಕಾಂತ್ ಅದರಲ್ಲಿ 'ಮುನಿತಾಯಿ' ಕಥೆಯಲ್ಲಿದ್ದರು, ಗೊತ್ತೇ? ಹಾಗೆ ಮೂರು ಸಣ್ಣದನ್ನು ಪೋಣಿಸಿದರೆ ಒಂದು ದೊಡ್ಡದಾಗುತ್ತದೆ. ದೊಡ್ಡದರಿಂದ ಅರ್ಧ ನಿಮಿಷ ಕತ್ತರಿಸಿದರೆ ಅದೇ ಹ್ಯಾಂಡ್‌ಬಿಲ್ಲು. ಶಾರ್ಟ್ಸಿನ ಕೆಳಗೆ 'ಸಂಬಂಧಿತ ವಿಡಿಯೋ' ಎಂದು ದೊಡ್ಡದರ ಕೊಂಡಿ ಸಿಕ್ಕಿಸುವ ಸೌಲಭ್ಯ ಇದೆ. ಕಾಮೆಂಟಿನಲ್ಲಿ ಲಿಂಕ್ ಹಾಕಿ ಪ್ರಯೋಜನವಿಲ್ಲ. 2023ರ ಆಗಸ್ಟ್ 31ರಿಂದ ಅಲ್ಲಿ ಒತ್ತಿದರೆ ತೆರೆಯುವುದಿಲ್ಲ.

ಎಂಟು ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಹಾಕಬಹುದೆಂದು ನಾಲ್ಕು ನಿಮಿಷದ ಮಾತನ್ನು ಎಳೆಯುವವರಿದ್ದಾರೆ. ಇಂಟರ್‌ವಲ್ ಆದಮೇಲೆ ಕಥೆಯಿಲ್ಲದ ಪಿಕ್ಚರಿಗೆ ಬಾಲ್ಕನಿಯವರೂ ಶಿಳ್ಳೆ ಹೊಡೆಯುತ್ತಾರೆ, ಬೇರೆ ಕಾರಣಕ್ಕೆ! ಸಿನಿಮಾ ಹುಚ್ಚರಿಗೆ ಇನ್ನೊಂದು ಎಚ್ಚರಿಕೆ. ಪಿಕ್ಚರಿನ ಹಾಡು, ಸೀನು ಎತ್ತಿ ದೊಡ್ಡ ವಿಡಿಯೋಗೆ ಅಂಟಿಸಿದರೆ ಹಣ ಹಕ್ಕುದಾರರ ಪಾಲು. 2024ರ ಅಕ್ಟೋಬರ್ 15ರಿಂದ ಶಾರ್ಟ್ಸ್ ಮೂರು ನಿಮಿಷದವರೆಗೂ ಆಗಬಹುದು, ಸರಿ. ಆದರೆ ಒಂದು ನಿಮಿಷ ದಾಟಿದ ಶಾರ್ಟ್ಸಿನ ಹಾಡಿಗೆ ಹಕ್ಕಿನ ತಕರಾರು ಬಂದರೆ ಅದು ಯಾರಿಗೂ ಕಾಣದಂತೆ ಮುಚ್ಚಿಹೋಗುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರಂತೂ ಚಾನೆಲ್ಲೇ ಢಮಾರ್!

ಓಣಿಯ ಅಜ್ಜ

ಇಷ್ಟೆಲ್ಲ ಹೇಳುವಾಗ ಹುಡುಗ ತಲೆ ತಗ್ಗಿಸಿಯೇ ನಿಂತಿದ್ದ. ಕೊನೆಗೆ, "ಒಂದು ದೊಡ್ಡದು ಹಾಕೀನ್ರಿ ಸರ. ಫ್ಲಾಪ್ ಆತು. ತೋರಸಾಕ ನಾಚಿಕಿ ಬರತೈತಿ" ಎಂದ. ತೋರಿಸು ಎಂದೆವು.

ಹದಿನಾಲ್ಕು ನಿಮಿಷ. ಅವನ ಓಣಿಯ ಅಜ್ಜ, ಎಂಬತ್ತು ದಾಟಿದವರು. ಪ್ರಾಯದಲ್ಲಿ ಸಣ್ಣಾಟ ಆಡಿದವರು. 'ಸಂಗ್ಯಾ ಬಾಳ್ಯಾ'ದಲ್ಲಿ ಗಂಗಿಯ ಪಾತ್ರ. ಸಣ್ಣಾಟ ಎಂದರೆ ಹೊತ್ತಿನಲ್ಲಿ ಸಣ್ಣದಲ್ಲ, ಮತ್ತೆ! ಬೆಳ್ಳಿ ಮೂಡುವ ತನಕ ಆಡುತ್ತಿದ್ದ ಆಟ. ದೊಡ್ಡಾಟದ ಭಾರೀ ಕಿರೀಟ, ಭುಜಕೀರ್ತಿ, ಯುದ್ಧದ ಕುಣಿತ ಇಲ್ಲದ್ದರಿಂದ ಅದು ಸಣ್ಣಾಟ. ಅಜ್ಜ ಕಟ್ಟೆಯ ಮೇಲೆ ಕೂತು ಗಂಗಿ ಹೇಗೆ ಸೆರಗು ಹಿಡಿಯುತ್ತಿದ್ದಳೆಂದು ಬರೇ ಟವೆಲಿನಲ್ಲಿ ತೋರಿಸುತ್ತಾರೆ. ಒಂದು ಕ್ಷಣ ಆ ಬಿಳಿ ಮೀಸೆ ಕಾಣುವುದೇ ಇಲ್ಲ, ಗಂಗಿಯೇ ಕಾಣುತ್ತಾಳೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ನಮಗೆ ಮೈ ಜುಮ್ಮೆಂದಿತು.

ನೋಡಿದವರು ಮುನ್ನೂರು. ಸ್ಟುಡಿಯೋ ತೆರೆಸಿದೆವು. ಒಬ್ಬೊಬ್ಬರು ಸರಾಸರಿ ಎಂಟು ನಿಮಿಷ ಕೂತಿದ್ದರು! ಅಲ್ಲೇ ಮಿರ್ಚಿ ಕಟ್ಟಿದ ಕಾಗದದ ಮೇಲೆ ಲೆಕ್ಕ ಹಾಕಿದೆವು. ಮುನ್ನೂರು ಎಂಟಲೆ 2400 ನಿಮಿಷ, ಅಂದರೆ 40 ಗಂಟೆ. ಬೇಕಾದದ್ದರಲ್ಲಿ ನೂರರಲ್ಲೊಂದು ಪಾಲು. ಲಕ್ಷದ ಡೈಲಾಗು ಕೊಡದ್ದನ್ನು ಈ ಫ್ಲಾಪ್ ಪಿಕ್ಚರ್ ಕೊಟ್ಟಿತ್ತು.

"ಯುಗಾದಿ ಒಳಗ ಆಕ್ಕೈತೇನ್ರಿ?" ಎಂದ.

ಆಗುವುದಿಲ್ಲ ಎಂದೆವು. ಸುಳ್ಳು ಹೇಳಿ ಹುಡುಗನ ನಾಲ್ಕು ತಿಂಗಳು ತಿನ್ನಲು ನಮಗೆ ಮನಸ್ಸಿಲ್ಲ. ಮಂಗಳೂರಿಗೆ ಹೋಗುವುದಿದ್ದರೆ ಹೋಗು ತಮ್ಮಾ, ಅಲ್ಲೂ ರವಿವಾರ ಇದೆ, ಚಾನೆಲ್ ಕಾಯುತ್ತದೆ. ಎಂಬತ್ತು ದಾಟಿದ ಅಜ್ಜ ಕಾಯುತ್ತಾರೋ? ಹೋಗುವ ಮುಂಚೆ ಎಷ್ಟಾಗುತ್ತದೋ ಅಷ್ಟು ತುಂಬಿಸಿಕೋ ಎಂದೆವು. ಮೊಬೈಲ್ ಅಡ್ಡ ಹಿಡಿ, ಮಾತು ಕೇಳುವಂತೆ ಹತ್ತಿರ ಹಿಡಿ. ಅಷ್ಟರಲ್ಲಿ ಇಳಕಲ್ಲಿನ ಬಸ್ಸು ಬಂದೇ ಬಂತು.

ಮೊನ್ನೆ ಫೋನ್ ಮಾಡಿದ್ದ. ಅಜ್ಜನಿಗೆ ಅವರ ವಿಡಿಯೋವನ್ನು ಮೊಮ್ಮಗಳು ತೋರಿಸಿದಳಂತೆ. ಎರಡು ಸಲ ನೋಡಿದರಂತೆ. ನೋಡಿ, ಹುಡುಗನನ್ನು ಕರೆಸಿ ಬೈದರಂತೆ.

"ಏನಂತ ಬೈದ್ರೋ?"

"ನಡುವ ಒಂದು ಪದ ಬಿಟ್ಟೀನಿ, ನೀ ಯಾಕ ಕೇಳ್ಲಿಲ್ಲ ಅಂದ್ರು ಸರ. ನಾಳೆ ಮುಂಜಾನೆ ಬಾ ಅಂದಾರ. ಬ್ಯಾಟರಿ ಪೂರಾ ತುಂಬಿಸ್ಕೊಂಡ ಬಾ ಅಂದಾರ."